ಐದು ವ್ಯಾಟಿನ ಗಂಟಲು

(ಸ್ಟಾಕ್‌ಹೋಮ್‌ನಲ್ಲಿ ನೆಲೆಸಿರುವ ಕನ್ನಡಿಗ ಎಂಜಿನಿಯರೊಬ್ಬರ ಮನೆ. ಕಪಾಟಿನಲ್ಲಿ ಅವಲಕ್ಕಿ ಡಬ್ಬಿಯ ಪಕ್ಕ ಕೂತಿರುವ ಹ್ಯಾಮ್ (ಹವ್ಯಾಸಿ ರೇಡಿಯೊ) ವಾಕಿಟಾಕಿ ಜೊತೆ ಮಾತುಕತೆ.)

ಪ್ರಶ್ನೆ: ಈ ಮನೆಗೆ ಹೇಗೆ ಬಂದಿರಿ?

ವಾಕಿಟಾಕಿ: 2024ರ ನವೆಂಬರಿನಲ್ಲಿ ಸರ್ಕಾರ ಮನೆಮನೆಗೂ ಪುಸ್ತಿಕೆ ಹಂಚಿತಲ್ಲ ಸ್ವಾಮಿ, ಯುದ್ಧವೋ ವಿಪತ್ತೋ ಬಂದರೆ ಏನು ಮಾಡಬೇಕು ಅಂತ. ನೀರಿಡಿ, ಬ್ಯಾಟರಿ ರೇಡಿಯೊ ಇಡಿ ಅಂದಿತ್ತು. ಅದು ಹೇಳಿದ್ದು ವಾರ್ತೆ ಕೇಳೋ ರೇಡಿಯೊ. ಯಜಮಾನರು ನನ್ನನ್ನು ತಂದರು.

ಪ್ರಶ್ನೆ: ತಂದವರು ಮಾತಾಡಿದರೇ?

ವಾಕಿಟಾಕಿ: ಪರೀಕ್ಷೆ ಪಾಸಾಗದೆ ಎಲ್ಲಿಯ ಮಾತು? ಎಸ್‌ಎ0 ಅಂತ ಶುರುವಾಗೋ ಕರೆಸಂಕೇತ ಬೇಕು. ಕೇಳೋಕೆ ಮಾತ್ರ ಯಾರಪ್ಪಣೆಯೂ ಬೇಡ. ಆದರೆ ಕೇಳೋದು ಯಾರಿಗೆ ಬೇಕು! ಚೀಲ, ಎರಡನೇ ಬ್ಯಾಟರಿ, ಕಾಲರಿಗೆ ಸಿಕ್ಕಿಸೋ ಮೈಕು, ಎಲ್ಲಾ ಬಂತು. ಓದೋ ಪುಸ್ತಕ ಕೊನೆಗೆ ಬಂತು.

ಪ್ರಶ್ನೆ: ಅಂತೂ ಪಾಸಾದರಲ್ಲ. ಮೊದಲ ಕರೆ?

ವಾಕಿಟಾಕಿ: ಬಾಲ್ಕನಿಯಲ್ಲಿ ನಿಂತು, ಕೇಳಿದ ದನಿಯನ್ನು ಮತ್ತೆ ದೂರಕ್ಕೆ ಹಾಯಿಸೋ ರಿಪೀಟರಿಗೆ ಕೂಗಿದ್ದೇ ಕೂಗಿದ್ದು. 2 ಮೀಟರ್ ಬ್ಯಾಂಡಿನಲ್ಲಿ ರಿಪೀಟರಿನ ಬಾಯಿ ಒಂದು ಕಡೆ, ಕಿವಿ 600 ಕಿಲೋಹರ್ಟ್ಜ್ ಕೆಳಗೆ. ಮೆನುವಿನಲ್ಲಿ ಆ ಅಂತರವನ್ನು ಹೊಂದಿಸಿಲ್ಲ, ರಿಪೀಟರನ್ನು ಎಬ್ಬಿಸೋ ಟೋನೂ ಹಾಕಿಲ್ಲ. ಇವರು ಅದರ ಬಾಯಿಗೇ ಬಾಯಿಟ್ಟು ಕೂಗಿದರು. ಉತ್ತರ ಬರಲಿಲ್ಲ. 'ಈ ಸ್ವೀಡನ್ನಿನವರು ಯಾರ ಜೊತೆಗೂ ಸೇರೋಲ್ಲ ಕಣೇ' ಅಂತ ಹೆಂಡತಿಗೆ ಹೇಳಿದರು.

(ಪರದೇಶದ ಕನ್ನಡ ಕೂಟಗಳಲ್ಲಿ ಈ ದೂರು ಕೇಳದವರುಂಟೇ? ಅಲ್ಲೂ ಯಾರದೋ ಸೆಟ್ಟಿಂಗು ತಪ್ಪಿರಬೇಕು.)

ಪ್ರಶ್ನೆ: ಇನ್ನಷ್ಟು ವ್ಯಾಟ್ ಇದ್ದಿದ್ದರೆ?

ವಾಕಿಟಾಕಿ: ಎಲ್ಲರದೂ ಇದೇ ಹಾಡು. ನನ್ನ ಐದನ್ನು ಹತ್ತು ಮಾಡಿದರೂ ಕೇಳುವವನಿಗೆ ವ್ಯತ್ಯಾಸ ಗೊತ್ತಾಗೋದು ಕಷ್ಟ. ನಮ್ಮ ಅಲೆ ಹೆಚ್ಚುಕಮ್ಮಿ ನೇರ ಹೋಗೋದು. ಗುಡ್ಡ, ಕಾಂಕ್ರೀಟು ಅಡ್ಡ ಬಂದರೆ ಸುಸ್ತು. ಅರ್ಧರ್ಧ ಮೀಟರಿನ ಎರಡು ತಂತಿ ತುಂಡಿನ ಡೈಪೋಲ್ ಆಂಟೆನಾ ಮಾಡಿ, ನೆಟ್ಟಗೆ, ಎತ್ತರದಲ್ಲಿ ಕಟ್ಟಲಿ, ಆಮೇಲೆ ನೋಡಿ ನನ್ನ ಗಂಟಲು! ಆಂಟೆನಾದ ಮಹಿಮೆ ನಮ್ಮಜ್ಜನಿಗೆ ಗೊತ್ತು: ಹಳೇ ರೇಡಿಯೊ ಟ್ರಾನ್ಸ್‌ಮಿಟರ್, ವಾರ್‌ಬರ್ಗ್ ಹತ್ತಿರದ ಗ್ರಿಮೆಟನ್ನಿನಲ್ಲಿದ್ದಾನೆ, 1924ರಿಂದ. 17.2 ಕಿಲೋಹರ್ಟ್ಜ್‌ನಲ್ಲಿ ಅಮೆರಿಕಕ್ಕೆ ತಂತಿಸಂದೇಶ ಮುಟ್ಟಿಸುತ್ತಿದ್ದವನು. 2004ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿಗೂ ಸೇರಿದ. ಅವನ ಆಂಟೆನಾ ಹೊರೋಕೇ 127 ಮೀಟರಿನ ಆರು ಗೋಪುರ. ನನಗೆ ಗೇಣುದ್ದದ ರಬ್ಬರ್ ಕಡ್ಡಿ.

ಪ್ರಶ್ನೆ: ಮೊಬೈಲ್ ಇರುವಾಗ ನೀವ್ಯಾಕೆ ಅಂತ?

ವಾಕಿಟಾಕಿ: 2005ರ ಜನವರಿಯಲ್ಲಿ ಗುಡ್ರುನ್ ಬಿರುಗಾಳಿ ದಕ್ಷಿಣ ಸ್ವೀಡನ್ನಿನ ಕಾಡನ್ನೇ ಮಲಗಿಸಿತು. ಕರೆಂಟು, ಫೋನು ಎರಡೂ ಹೋದವು. ಆಗ ಅಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ಲ.

ಪ್ರಶ್ನೆ: ಹಾಗಾದರೆ ಯಜಮಾನರು ಈಗ ಆಂಟೆನಾ ಕಟ್ಟುತ್ತಾರೆ?

ವಾಕಿಟಾಕಿ: ಇಲ್ಲ. ಸೆಟ್ಟೇ ಸರಿಯಿಲ್ಲವಂತೆ. ಇನ್ನೊಂದು ಆರ್ಡರ್ ಮಾಡಿದ್ದಾರೆ, ಬಣ್ಣದ ಪರದೆಯದು.