ಮೇಲೆಂದರೆ ಕೆಳಗೆ

ಮನೆಯಲ್ಲೇ ಪ್ಲೈವುಡ್ ಕೊಯ್ದು ಮಾಡಿದ ಆರ್ಕೇಡ್ ಪೆಟ್ಟಿಗೆಯ ಜಾಯ್‌ಸ್ಟಿಕ್‌ನಡಿ ಇರುವುದು ನಾಲ್ಕು ಮೈಕ್ರೋಸ್ವಿಚ್ಚು, ಅಷ್ಟೇ. ಹಿಡಿ ನಡುವಿನಲ್ಲಿ ವಾಲುವುದರಿಂದ ಮೇಲಕ್ಕೆ ತಳ್ಳಿದರೆ ಒತ್ತಿಕೊಳ್ಳುವುದು ಕೆಳಗಿನ ಸ್ವಿಚ್ಚು. ಇದರ ಮರ್ಮ ತಿಳಿಯದೆ ವೈರು ಕೊಟ್ಟ ಮನೆಯಲ್ಲಿ 1980ರ ಪ್ಯಾಕ್‌ಮ್ಯಾನ್ ಮೇಲೆ ಹೋಗೆಂದರೆ ಕೆಳಗಿಳಿದು, ತಾನಾಗಿಯೇ ದೆವ್ವದ ಕೈಗೆ ಸಿಕ್ಕುತ್ತಾನೆ. ಬೈಗುಳ ಸಿಗುವುದು ಮಾತ್ರ ಆಟವಾಡುತ್ತಿದ್ದ ಮಗುವಿಗೆ.

ಪ್ರತಿ ಸ್ವಿಚ್ಚಿಗೂ ಮೂರು ಕಾಲು: ಕಾಮನ್, ಎನ್‌ಒ (ಒತ್ತಿದಾಗ ಮಾತ್ರ ಸಂಪರ್ಕ), ಎನ್‌ಸಿ (ಒತ್ತದಿದ್ದಾಗ ಸಂಪರ್ಕ). ವೈರು ಎನ್‌ಒ ಕಾಲಿಗೇ ಹೋಗಬೇಕು. ಎನ್‌ಸಿಗೆ ಹೋಯಿತೋ, ಯಾರೂ ಮುಟ್ಟದಿದ್ದರೂ ಆಟದ ವೀರ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಲೇ ಇರುತ್ತಾನೆ, ಹಿಡಿ ತಳ್ಳಿದಾಗಷ್ಟೇ ಸುಮ್ಮನಾಗುತ್ತಾನೆ. ಕಾಮನ್‌ಗಳೆಲ್ಲ ಒಂದೇ ಗ್ರೌಂಡ್ ವೈರಿಗೆ ಸರಪಳಿಯಾಗಿ ಸೇರುತ್ತವೆ. ನಡುವೆ ಒಂದು ಕ್ಲಿಪ್ಪು ಕಳಚಿದರೆ ಅದರಾಚೆಯ ದಿಕ್ಕುಗಳಿಗೆಲ್ಲ ರಜೆ.

ಕಳಚಿದ್ದು ಎಲ್ಲೆಂದು ಪತ್ತೆ ಹಚ್ಚಬೇಕು. ಎಳೆಯ ತುದಿ ಹುಡುಕುವುದರಲ್ಲಿ ಶಿಡ್ಲಘಟ್ಟದ ರೇಷ್ಮೆ ರೀಲರುಗಳನ್ನು ಮೀರಿಸುವವರಿಲ್ಲ, ಆದರೆ ಅವರು ಗೂಡನ್ನು ಬೇಯಿಸುತ್ತಾರೆ. ವೈರನ್ನು ಬೇಯಿಸುವಂತಿಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದೊಂದೇ ಕಾಲು ಮುಟ್ಟಿ ನೋಡಬೇಕು. ಬೀಪ್ ಬಂದೂ ಪರದೆ ಕದಲದಿದ್ದರೆ ಆ ವೈರನ್ನು, ಸ್ವಿಚ್ಚಿನ ಸುದ್ದಿಯನ್ನು ಆಟಕ್ಕೆ ಮುಟ್ಟಿಸುವ ಎನ್‌ಕೋಡರ್ ಬೋರ್ಡಿನ ಪಕ್ಕದ ಪಿನ್ನಿಗೆ ಚುಚ್ಚುವುದು. ಆಗ ಕದಲಿದರೆ ಹಳೆಯ ಪಿನ್ನೇ ಸತ್ತಿದೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಹೊಸ ಬೋರ್ಡು ತರುವುದೇ ಸರಿ.