ಎರಡನೇ ನಡೆಗೇ ರಾಜ ಹೊರಟ!

ಚೆಸ್ ನೋಡುವುದಕ್ಕೆ ಚೆಸ್ ಬರಬೇಕು ಎಂಬ ಕಾಲ ಹೋಯಿತು ಸ್ವಾಮಿ. ಈಗ ಪರದೆಯ ಪಕ್ಕದಲ್ಲಿ ಕಪ್ಪು-ಬಿಳುಪಿನ ಒಂದು ಪಟ್ಟಿ ಇರುತ್ತದೆ. ಬಿಳಿ ಏರಿದರೆ ಬಿಳಿ ಕಾಯಿಯವನ ಕೈ ಮೇಲು, ಇಳಿದರೆ ಅವನ ಕಥೆ ಮುಗಿಯುತ್ತಾ ಬಂತು. ಲೆಕ್ಕವೆಲ್ಲ ಕಂಪ್ಯೂಟರಿನದು, ಗತ್ತು ಮಾತ್ರ ನಮ್ಮದು. ಆ ಪಟ್ಟಿ ಒಂದಿಂಚು ಕುಸಿದರೆ ಸಾಕು, ಒಂಟೆ ಓರೆಯಾಗಿ ಹೋಗುತ್ತದೆ ಎಂಬುದಕ್ಕಿಂತ ಹೆಚ್ಚೇನೂ ಗೊತ್ತಿಲ್ಲದ ನಾನು ಸೋಫಾದಲ್ಲಿ ಕಾಲು ಮಡಚಿ ಕೂತು, 'ಅಯ್ಯೋ ಕಾರ್ಲ್‌ಸನ್ನಾ, ಇಷ್ಟೂ ಕಾಣಲಿಲ್ಲವೇನಯ್ಯಾ ನಿನಗೆ?' ಎಂದು ಮರುಗುತ್ತೇನೆ.

ಇಂಥ ಮಹಾಪಂಡಿತರಿಗೆ ಹೇಳಿ ಮಾಡಿಸಿದ್ದು ರ್‍ಯಾಪಿಡ್ ಚೆಸ್. ಕ್ಲಾಸಿಕಲ್ ಆಟದಲ್ಲಿ ಒಬ್ಬ ಮುಕ್ಕಾಲು ಗಂಟೆ ಗಲ್ಲಕ್ಕೆ ಕೈ ಕೊಟ್ಟು ಕೂರಬಹುದು. ಅಷ್ಟರಲ್ಲಿ ನೋಡುವವನು ಊಟ ಮುಗಿಸಿ, ನಿದ್ದೆಯೊಂದನ್ನು ತೆಗೆದು ಬಂದರೂ ಏನೂ ನಷ್ಟವಿಲ್ಲ. ರ್‍ಯಾಪಿಡ್‌ನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಹತ್ತು ನಿಮಿಷಕ್ಕಿಂತ ಹೆಚ್ಚು, ಒಂದು ಗಂಟೆಗಿಂತ ಕಡಿಮೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಂತೂ 15 ನಿಮಿಷ, ಜೊತೆಗೆ ನಡೆಗೊಂದರಂತೆ 10 ಸೆಕೆಂಡಿನ ಕೊಸರು. ಇಷ್ಟೇ ಹೊತ್ತಿರುವಾಗ ಮೂರನೇ ನಡೆಗೇ ನಾಲ್ಕು ನಿಮಿಷ ಕೂತವನ ಗತಿ ಏನು, ನೀವೇ ಹೇಳಿ.

ರ್‍ಯಾಪಿಡ್‌ನ ಓಪನಿಂಗ್‌ಗಳ, ಅಂದರೆ ಆಟದ ಆರಂಭದ ನಡೆಗಳ, ಕಿಲಾಡಿತನ ಇರುವುದೇ ಇಲ್ಲಿ. 'ಅತ್ಯುತ್ತಮ ನಡೆ ಯಾವುದು?' ಎಂದು ಇಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಅತ್ಯುತ್ತಮ ನಡೆಗಳೆಲ್ಲ ಎಂಜಿನ್ ಕೃಪೆಯಿಂದ ಇಬ್ಬರಿಗೂ ಇಪ್ಪತ್ತನೆಯದರವರೆಗೆ ಬಾಯಿಪಾಠವಾಗಿವೆ. ಎದುರಿನವನು ಬಾಯಿಪಾಠ ಮಾಡದೇ ಇರುವುದು ಯಾವುದು, ಅವನ ಗಡಿಯಾರವನ್ನು ತಿನ್ನುವುದು ಯಾವುದು ಎಂಬುದೇ ಪ್ರಶ್ನೆ. ಪುಸ್ತಕದಲ್ಲಿ 'ಸಂಶಯಾಸ್ಪದ' ಎಂಬ ಹಣೆಪಟ್ಟಿ ಹೊತ್ತ ಓಪನಿಂಗ್ ಕೂಡ ಎದುರಿನವನ ಐದು ನಿಮಿಷ ನುಂಗಿದರೆ ಇಲ್ಲಿ ರತ್ನವೇ. ಡೇನಿಯಲ್ ಡುಬೋವ್‌ನಂಥ ತುಂಟರು ತಯಾರಾಗುವುದು ಹೀಗೇ. ಆತ 2018ರಲ್ಲಿ ರ್‍ಯಾಪಿಡ್ ವಿಶ್ವ ಚಾಂಪಿಯನ್ನೂ ಆದ.

ಇದು ಹೊಡೆದಾಡುವ ಮನಸ್ಸಿದ್ದಾಗಿನ ಮಾತು. ಮನಸ್ಸಿಲ್ಲದಿದ್ದರೆ? ಅದಕ್ಕೂ ಓಪನಿಂಗ್ ಇದೆ: ಬರ್ಲಿನ್. 2000ದಲ್ಲಿ ಲಂಡನ್‌ನಲ್ಲಿ ಕ್ರಾಮ್ನಿಕ್ ಇದನ್ನೇ ಗೋಡೆಯಂತೆ ಅಡ್ಡ ಇಟ್ಟು ಕ್ಯಾಸ್ಪರೋವ್‌ನನ್ನು ಸುಸ್ತು ಮಾಡಿ ಕಿರೀಟ ಕಿತ್ತುಕೊಂಡ. ಅಂಥ ಗಂಭೀರ ಮನೆತನದ ಓಪನಿಂಗ್ ಇವತ್ತು ಏನಾಗಿದೆ ನೋಡಿ. ಅದರಲ್ಲೊಂದು ಒಳದಾರಿ ಇದೆ. ಮೂರು ಕುದುರೆಗಳು ಚಕಚಕನೆ ಹೊಡೆದುಕೊಂಡು ಸಾಯುತ್ತವೆ, ಆಮೇಲೆ ಬಿಳಿ ರಾಣಿ ಚೆಕ್ ಕೊಡುತ್ತಾಳೆ, ಕಪ್ಪು ರಾಣಿ ಅಡ್ಡ ಬರುತ್ತಾಳೆ, ಇವಳು ಪಕ್ಕಕ್ಕೆ ಸರಿಯುತ್ತಾಳೆ, ಅವಳು ಬೆನ್ನಿಗೇ ಬರುತ್ತಾಳೆ. ಮತ್ತೆ ಅದೇ, ಇನ್ನೊಮ್ಮೆ ಅದೇ. ಹದಿನಾಲ್ಕನೇ ನಡೆಗೆ ಡ್ರಾ. ವರದಕ್ಷಿಣೆಯಿಂದ ಛತ್ರದವರೆಗೆ ಎಲ್ಲ ಮೊದಲೇ ಗೊತ್ತುಮಾಡಿಕೊಂಡು, ನಿಶ್ಚಿತಾರ್ಥದ ದಿನ ಹಿರಿಯರು 'ನೀವು ಹೇಗೆ ಹೇಳ್ತೀರೋ ಹಾಗೆ' ಎಂದು ಮಾತಾಡುತ್ತಾರಲ್ಲ, ತದ್ವತ್ ಅದೇ ನಾಟಕ. ಮುಖದಲ್ಲಿ ಮಾತ್ರ ಘೋರ ಚಿಂತನೆ!

ಈ ನಾಟಕವನ್ನು ಗೇಲಿ ಮಾಡಿದವರು ಕಾರ್ಲ್‌ಸನ್ ಮತ್ತು ನಕಮುರ. 2021ರ ಮಾರ್ಚ್, ಮ್ಯಾಗ್ನಸ್ ಕಾರ್ಲ್‌ಸನ್ ಇನ್ವಿಟೇಷನಲ್ ಎಂಬ ಆನ್‌ಲೈನ್ ರ್‍ಯಾಪಿಡ್ ಟೂರ್ನಿ. ಇಬ್ಬರೂ ಆಗಲೇ ಮುಂದಿನ ಹಂತಕ್ಕೆ ಹೋಗಿಯಾಗಿತ್ತು, ಆಟಕ್ಕೆ ಬೆಲೆ ಇರಲಿಲ್ಲ. ಕಾರ್ಲ್‌ಸನ್ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದ; ಎಲ್ಲರೂ ಮಾಡುವುದೇ. ನಕಮುರ ಎದುರು ಕಾಲಾಳು ನೂಕಿದ. ಎರಡನೇ ನಡೆಗೆ ಕಾರ್ಲ್‌ಸನ್ ಸಾಕ್ಷಾತ್ ರಾಜನನ್ನೇ ಒಂದು ಮನೆ ಮುಂದಿಟ್ಟ! ಕ್ಯಾಸ್ಲಿಂಗ್ ಮಾಡಿ ರಾಜನನ್ನು ಮೂಲೆಯಲ್ಲಿ ಬಚ್ಚಿಡಬೇಕು ಎಂದು ಮಕ್ಕಳಿಗೆ ಮೊದಲ ವಾರವೇ ಹೇಳಿಕೊಡುತ್ತಾರೆ. ಜಗತ್ತಿನ ಚಾಂಪಿಯನ್ ಅವನನ್ನು ಬೀದಿಗೆ ತಂದು ನಿಲ್ಲಿಸಿದ. ಇಂಟರ್ನೆಟ್ಟಿನ ಪೋಕರಿಗಳು ಇದಕ್ಕೆ ಬಾಂಗ್‌ಕ್ಲೌಡ್ ಎಂದು ಹೆಸರಿಟ್ಟಿದ್ದಾರೆ. ನಕಮುರ ಹೆದರಿದನೇ? ಅವನೂ ತನ್ನ ರಾಜನನ್ನು ಹೊರಗೆ ಹೊರಡಿಸಿದ. ಇಬ್ಬರಿಗೂ ತಡೆಯಲಾಗದ ನಗು. ಇವನ ರಾಜ ಒಳಗೆ, ಅವನ ರಾಜ ಒಳಗೆ. ಮತ್ತೆ ಹೊರಗೆ, ಮತ್ತೆ ಒಳಗೆ. ಆರನೇ ನಡೆಗೆ ಡ್ರಾ. ನಾನು ಆ ವಿಡಿಯೊ ಹಾಕಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರೆ ನನ್ನಾಕೆ ಇಣುಕಿ ನೋಡಿ, 'ಇದೇನ್ರೀ, ನೀವು ಭಾನುವಾರ ಹಾಲಿಂದ ಗೇಟಿಗೆ, ಗೇಟಿಂದ ಹಾಲಿಗೆ ಓಡಾಡ್ತೀರಲ್ಲ, ಅದಕ್ಕೆ ಯಾರೂ ನಗಲ್ಲ' ಎಂದಳು.

ಸಂಪ್ರದಾಯಸ್ಥರು ಇದು ಆಟಕ್ಕೆ ಅವಮಾನ ಎಂದರು. ನನಗೇನೋ ಹದಿನಾಲ್ಕು ನಡೆಯ ಸುಳ್ಳು ಗಾಂಭೀರ್ಯಕ್ಕಿಂತ ಆರು ನಡೆಯ ನಿಜವಾದ ನಗುವೇ ವಾಸಿ. ಅಂದಹಾಗೆ ಆ ಟೂರ್ನಿಯನ್ನು ಕೊನೆಗೆ ಗೆದ್ದವನು ಯಾರು ಗೊತ್ತೇ? ಡ್ರಾಗಳಿಗೇ ಹೆಸರಾಗಿ, ಜನರ ಬಾಯಲ್ಲಿ ನಗೆಚಾಟಿಕೆಯಾಗಿದ್ದ ಅನೀಶ್ ಗಿರಿ!

ನಕಮುರನಿಗೆ ಈ ಚಾಳಿ ಹೊಸದಲ್ಲ ಬಿಡಿ. 2005ರಲ್ಲಿ, ರ್‍ಯಾಪಿಡ್ ಕೂಡ ಅಲ್ಲ, ಅಪ್ಪಟ ಕ್ಲಾಸಿಕಲ್ ಆಟದಲ್ಲಿ ಚೆನ್ನೈನ ಶಶಿಕಿರಣ್ ಎದುರು ಎರಡನೇ ನಡೆಗೇ ರಾಣಿಯನ್ನು ಎದುರಾಳಿಯ ಅಂಗಳದ ಅಂಚಿಗೆ ಅಟ್ಟಿದ. ಬೇಸಿಗೆ ಶಿಬಿರದ ಎಂಟು ವರ್ಷದ ಹುಡುಗರೆಲ್ಲ ನಾಲ್ಕೇ ನಡೆಯಲ್ಲಿ ಚೆಕ್‌ಮೇಟ್ ಮಾಡುವ ಆಸೆಯಿಂದ ಇಡುವ ನಡೆ ಅದು. ಶಶಿಕಿರಣ್ ಸಿಟ್ಟಾಗಲಿಲ್ಲ, ಗಾಬರಿಯೂ ಆಗಲಿಲ್ಲ. ಸಾವಧಾನವಾಗಿ ಆಡಿ ಸೋಲಿಸಿ ಕಳಿಸಿದರು.

ತಮಾಷೆಗೂ ಒಂದು ಮಿತಿ ಇದೆ ಎಂದು ತೋರಿಸಿದ್ದು 2023ರ ಡಿಸೆಂಬರಿನ ಸಮರ್ಕಂಡ್ ವಿಶ್ವ ಚಾಂಪಿಯನ್‌ಷಿಪ್. ರ್‍ಯಾಪಿಡ್ ಮುಗಿದ ಮೇಲಿನ, ಇನ್ನೂ ಚುರುಕಿನ ಬ್ಲಿಟ್ಜ್‌ನಲ್ಲಿ ಡುಬೋವ್ ಮತ್ತು ನೆಪೊಮ್‌ನಿಯಾಚಿ ಬೇರೆ ಕಾಯಿಗಳನ್ನೇ ಮುಟ್ಟದೆ ನಾಲ್ಕೂ ಕುದುರೆಗಳಿಂದ ಕೋಲಾಟ ಆಡಿಸಿ, ಹದಿಮೂರು ನಡೆಯಲ್ಲಿ ಡ್ರಾ ಮಾಡಿಕೊಂಡು ಎದ್ದರು. ತೀರ್ಪುಗಾರರಿಗೆ ನಗು ಬರಲಿಲ್ಲ. ಇಬ್ಬರಿಗೂ ಸೊನ್ನೆ ಕೊಟ್ಟರು. ರಾಣಿಯರ ಬರ್ಲಿನ್ ನಾಟಕಕ್ಕೆ ಅರ್ಧ ಅಂಕ, ಕುದುರೆಗಳ ಕೋಲಾಟಕ್ಕೆ ಸೊನ್ನೆ. ಇದು ಯಾವ ನ್ಯಾಯವೋ!

ಇನ್ನು 2024ರ ನ್ಯೂಯಾರ್ಕ್ ವಿಶ್ವ ಚಾಂಪಿಯನ್‌ಷಿಪ್. ಅಲ್ಲಿನ ಮಧ್ಯಾಹ್ನ ನಮಗೆ ನಡುರಾತ್ರಿ, ಆದರೂ ಕಣ್ಣುಜ್ಜಿಕೊಂಡು ಕೂತೆವು. ಕೊನೇರು ಹಂಪಿ ಮೊದಲ ಸುತ್ತನ್ನೇ ಸೋತರು. ಪಟ್ಟಿ ನೋಡಿ ಮಾತಾಡುವ ನಮ್ಮಂಥವರು 'ಮುಗೀತು' ಎಂದು ಆಕಳಿಸಿದೆವು. ಅವರು ಕೊನೆಯ ಸುತ್ತಿನಲ್ಲಿ ಕಪ್ಪು ಕಾಯಿಯಲ್ಲಿ ಗೆದ್ದು, ಹನ್ನೊಂದಕ್ಕೆ ಎಂಟೂವರೆ ಅಂಕ ಗಳಿಸಿ, ಎರಡನೇ ಸಲ ವಿಶ್ವ ರ್‍ಯಾಪಿಡ್ ಚಾಂಪಿಯನ್ ಆದರು. ಮುಕ್ತ ವಿಭಾಗದಲ್ಲಿ ಮುರ್ಜಿನ್ ಎಂಬ ಹದಿನೆಂಟರ ಹುಡುಗ ದೊಡ್ಡವರನ್ನೆಲ್ಲ ಹಿಂದೆ ಹಾಕಿ ಗೆದ್ದ.

ಆದರೆ ಆ ಟೂರ್ನಿಯ ಬಗ್ಗೆ ಯಾರನ್ನಾದರೂ ಕೇಳಿ, ಹೇಳುವುದು ಕಾರ್ಲ್‌ಸನ್‌ನ ಪ್ಯಾಂಟಿನ ಕಥೆ. ಜೀನ್ಸ್ ತೊಟ್ಟು ಬಂದದ್ದಕ್ಕೆ 200 ಡಾಲರ್ ದಂಡ ಹಾಕಿದರು. ಬದಲಾಯಿಸಿ ಬಾ ಎಂದರು. ಆತ ಒಲ್ಲೆ ಎಂದ. ಒಂಬತ್ತನೇ ಸುತ್ತಿಗೆ ಜೋಡಿಯೇ ಹಾಕಲಿಲ್ಲ. ರ್‍ಯಾಪಿಡ್ ಬಿಟ್ಟು ನಡೆದ. ಚೆಸ್‌ನ ವಿಶ್ವ ಸಂಸ್ಥೆ ಫಿಡೆ ನಿಯಮ ಸಡಿಲಿಸಿದ ಮೇಲೆ ಬ್ಲಿಟ್ಜ್‌ಗೆ ಅದೇ ಠೀವಿಯಲ್ಲಿ ಬಂದು, ನೆಪೊಮ್‌ನಿಯಾಚಿ ಜೊತೆ ಪ್ರಶಸ್ತಿ ಹಂಚಿಕೊಂಡ. ಆ ಜೀನ್ಸ್ ಹರಾಜಿನಲ್ಲಿ 36,000 ಡಾಲರ್ ದಾಟಿತು. ಜೀನ್ಸ್ ತೊಟ್ಟ ಆ ದಿನ ಆತ ಯಾವ ಓಪನಿಂಗ್ ಆಡಿದ ಎಂದು ನಮ್ಮ ಬೀದಿಯ ಚೆಸ್ ಪಂಡಿತರನ್ನು ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಪ್ಯಾಂಟಿನ ಬಣ್ಣ ಮಾತ್ರ ಎಲ್ಲರಿಗೂ ಗೊತ್ತು.