ಅಥ ವಿಡಿಯೋಸ್ತಂಭ ನಿದಾನಂ

ಜ್ವರ, ಅತಿಸಾರ, ಪಾಂಡು ಮೊದಲಾದ ವ್ಯಾಧಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳ ಹುಟ್ಟನ್ನೂ ಲಕ್ಷಣವನ್ನೂ ಸಾಂಗವಾಗಿ ನಿರೂಪಿಸಿದ ಮಾಧವಕರನು, ಮೊಬೈಲ್ ಫೋನಿನಲ್ಲಿ ವಿಡಿಯೋ ತಡವರಿಸುವ ರೋಗವನ್ನು ತನ್ನ ನಿದಾನಗ್ರಂಥದಿಂದ ಏತಕ್ಕೆ ಕೈಬಿಟ್ಟನೆಂಬುದು ವಿಚಾರಾರ್ಹವಾದ ವಿಷಯ. ಆತನ ಕಾಲದಲ್ಲಿ ಫೋನೇ ಇರಲಿಲ್ಲವಲ್ಲ ಎಂದು ಕೆಲವರು ಸಮಾಧಾನ ಹೇಳುವರು. ಹಾಗಾದರೆ ಫೋನೇ ಈ ರೋಗದ ಆದಿಕಾರಣವೆಂದು ಸಿದ್ಧವಾಗುವುದಾದರೂ, ಫೋನನ್ನು ತ್ಯಜಿಸಿರೆಂಬ ಚಿಕಿತ್ಸೆಗೆ ಒಪ್ಪುವ ರೋಗಿ ಇದುವರೆಗೆ ಕಂಡುಬಾರದ ಕಾರಣ, ಗ್ರಂಥವನ್ನು ಮುಂದುವರಿಸದೆ ಗತ್ಯಂತರವಿಲ್ಲ.

ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಮದುವೆ ಮುಗಿದು, ಮದುಮಗಳು ಹಬ್ಬಕ್ಕೆ ತವರಿಗೆ ಬಂದು ಹೋಗಿಯೂ ಆದಮೇಲೆ, ಸ್ಟುಡಿಯೋದವರಿಂದ ಕೊನೆಗೂ ಪೆನ್‌ಡ್ರೈವ್ ಕೈಸೇರಿ, ಅದನ್ನು ಹಳೆಯ ಫೋನಿಗೆ ಓಟಿಜಿ ಕೇಬಲ್ಲಿನಿಂದ ಸಿಕ್ಕಿಸಿ, ಮನೆಯ ಹಿರಿಯರನ್ನೆಲ್ಲ ಸುತ್ತ ಕೂರಿಸಿಕೊಂಡಿರುವಾತನು. ಅಂಥವನ ಮುಂದೆ ರೋಗವು ತನ್ನ ಪೂರ್ಣರೂಪವನ್ನು ತೋರುವುದು ಮುಹೂರ್ತದ ಸಮಯದಲ್ಲಿ. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗುತ್ತಾರೆ. ನಾಗಸ್ವರವೂ ಡೋಲೂ ಒಮ್ಮೆಲೇ ಭೋರ್ಗರೆಯುತ್ತವೆ. ತೆರೆಯ ಮೇಲಾದರೋ ಅಂತರಪಟವಿನ್ನೂ ಇಳಿದಿಲ್ಲ, ವರನ ಬಾಯಿ ಅರ್ಧ ತೆರೆದೇ ನಿಂತಿದೆ, ಸೋದರಮಾವನ ಕೈಯಿಂದ ಹೊರಟ ಅಕ್ಷತೆ ಯಾರ ತಲೆಯನ್ನೂ ಮುಟ್ಟದೆ ಅಂತರಾಳದಲ್ಲಿ ನೆಲೆಸಿದೆ. ಬಳಿಕ ಚಿತ್ರವು ಎಚ್ಚೆತ್ತು, ಮಾಂಗಲ್ಯದ ಮೂರು ಗಂಟುಗಳನ್ನೂ ನುಂಗಿ, ಒಂದೇ ನೆಗೆತಕ್ಕೆ ಆರತಿಯ ತಟ್ಟೆಯ ಬಳಿ ಇಳಿಯುತ್ತದೆ. ‘ತಾಳಿ ಕಟ್ಟಿದ್ದು ಆಯ್ತೇನೋ?’ ಎಂದು ಅಜ್ಜಿ ಕೇಳುತ್ತಾರೆ. ಈ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಕಣ್ಣಿನ ಪ್ರತ್ಯಕ್ಷವೂ ಕಿವಿಯ ಪ್ರತ್ಯಕ್ಷವೂ ಪರಸ್ಪರ ವಿರುದ್ಧವಾದಾಗ ಯಾವುದು ಬಲವತ್ತರವೆಂಬ ವಾದ ಇಲ್ಲಿ ಅಡಗಿದೆ. ವಿಡಿಯೋ ಪ್ಲೇಯರುಗಳನ್ನು ರಚಿಸಿದವರು ಕಿವಿಯ ಪಕ್ಷವನ್ನು ಹಿಡಿದಿದ್ದಾರೆ: ಧ್ವನಿಯಲ್ಲಿ ಕ್ಷಣಮಾತ್ರ ಬಿರುಕು ಬಿದ್ದರೂ ಕಿವಿ ಸಿಡುಕುವುದೆಂದೂ, ಒಂದೆರಡು ಚಿತ್ರಗಳು ಬಿಟ್ಟುಹೋದರೆ ಕಣ್ಣು ಹೇಗೋ ಸೈರಿಸಿಕೊಳ್ಳುವುದೆಂದೂ ಅರಿತು, ಧ್ವನಿಯ ಗಡಿಯಾರವನ್ನೇ ಪ್ರಧಾನವಾಗಿರಿಸಿ, ತಡವಾಗಿ ಬಂದ ಚಿತ್ರಗಳನ್ನು ನಿರ್ದಾಕ್ಷಿಣ್ಯವಾಗಿ ಎಸೆಯುವ ಏರ್ಪಾಡು ಮಾಡಿದ್ದಾರೆ. ಆದಕಾರಣ ಮದುವೆ ಆಗಿದೆ, ಅದರಲ್ಲಿ ಸಂಶಯವಿಲ್ಲ.

ಪೂರ್ವಪಕ್ಷಗಳು ಅನೇಕ. ‘ಒಂದ್ಸಲ ಆಫ್ ಮಾಡಿ ಆನ್ ಮಾಡೋ, ಎಲ್ಲಾ ಸರಿಹೋಗುತ್ತೆ’ ಎಂಬುದು ಚಿಕ್ಕಪ್ಪನ ಮತ. ದಿನಗಟ್ಟಲೆ ಎಡೆಬಿಡದೆ ದುಡಿದ ಫೋನಿಗೆ ಇದರಿಂದ ಅಷ್ಟಿಷ್ಟು ಹಿತವಾಗುವುದುಂಟು. ಆದರೆ ಹುಟ್ಟಿನಿಂದ ಬಾರದ ವಿದ್ಯೆ ಮರುಹುಟ್ಟಿನಿಂದಲೂ ಬಾರದು. ರ‍್ಯಾಮ್ ಕ್ಲೀನರ್ ಎಂಬ ಆ್ಯಪನ್ನು ಹಾಕಿಸಬೇಕೆಂಬುದು ಅತ್ತಿಗೆಯ ತಮ್ಮನ ಮತ. ಆಂಡ್ರಾಯ್ಡ್ ತಾನೇ ಬೇಕಾದಾಗ ಆ್ಯಪುಗಳನ್ನು ಸ್ಮೃತಿಯಿಂದ ಇಳಿಸಿಕೊಳ್ಳಬಲ್ಲುದಾಗಿರಲು, ಕ್ಲೀನರು ಬಲವಂತವಾಗಿ ಹೊರದೂಡಿದವು ಮರುಗಳಿಗೆಯಲ್ಲಿ ಮೊದಲಿನಿಂದ ಎದ್ದುಬರುವ ಶ್ರಮವನ್ನು ಹೊತ್ತುಕೊಂಡೇ ಹಿಂದಿರುಗುತ್ತವೆ. ಕ್ಲೀನರು ಮಾತ್ರ ಜಾಹೀರಾತುಗಳ ಪರಿವಾರಸಮೇತ ಅಲ್ಲಿಯೇ ಬಿಡಾರ ಹೂಡುತ್ತದೆ. ಪೆನ್‌ಡ್ರೈವೇ ಕಳಪೆಯೆಂಬುದು ಇನ್ನೊಬ್ಬರ ಮತ. ಸೆಕೆಂಡಿಗೆ 100 ಮೆಗಾಬಿಟ್ ಉಣ್ಣುವ ಭಾರಿ ವಿಡಿಯೋಕ್ಕೂ ಬೇಕಾದುದು 12.5 ಮೆಗಾಬೈಟ್ ಮಾತ್ರ. ಅಷ್ಟನ್ನು ಸಾಧಾರಣ ಪೆನ್‌ಡ್ರೈವೂ ಓದಿಕೊಡಬಲ್ಲುದು. ಬಡಪಾಯಿಯ ಮೇಲೆ ಅಪವಾದ ಹೊರಿಸುವುದು ಲೋಕರೂಢಿ.

ಇನ್ನು ಸಂಪ್ರಾಪ್ತಿ, ಅಂದರೆ ರೋಗವು ಒಳಗೆ ಬೆಳೆಯುವ ಕ್ರಮ. ಫೋರ್‌ಕೆ ಎಂಬ ಚಿತ್ರದಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಬಿಂದುಗಳು. ಸೆಕೆಂಡಿಗೆ ಇಂಥ 60 ಚಿತ್ರಗಳಂತೆ, ನಮ್ಮ ಹಿರಿಯರ ಒಂದು ವಿಘಳಿಗೆಯಲ್ಲಿ, ಎಂದರೆ 24 ಸೆಕೆಂಡುಗಳಲ್ಲಿ, 1440 ಚಿತ್ರಗಳು ಕಣ್ಣಮುಂದೆ ಹಾಯಬೇಕು. ಇವನ್ನು ಇದ್ದಂತೆಯೇ ತುಂಬಿಡಲು ಹೊರಟರೆ ಸೆಕೆಂಡೊಂದಕ್ಕೆ 750 ಮೆಗಾಬೈಟಿನಷ್ಟು ಜಾಗ ಬೇಕಾಗುವುದರಿಂದ, ಆಗೊಮ್ಮೆ ಈಗೊಮ್ಮೆ ಪೂರ್ಣಚಿತ್ರವನ್ನಿಟ್ಟು, ನಡುವೆ ಬದಲಾದುದನ್ನಷ್ಟೇ ಬರೆದಿಟ್ಟುಕೊಳ್ಳುವ ಸಂಕ್ಷೇಪವಿದ್ಯೆಯು ಹುಟ್ಟಿತು. 2003ರಲ್ಲಿ ಎಚ್.264, 2013ರಲ್ಲಿ ಎಚ್.265, 2018ರಲ್ಲಿ ಎವಿ1 ಎಂಬ ಸೂತ್ರಗಳು ಪ್ರಕಟವಾದವು. ಸೂತ್ರವು ಸಂಕ್ಷಿಪ್ತವಾದಷ್ಟೂ ಭಾಷ್ಯವು ದೀರ್ಘವಾಗುವುದೆಂಬ ನಿಯಮ ಇಲ್ಲಿಯೂ ತಪ್ಪಿಲ್ಲ: ಹೊಸ ಸೂತ್ರ ಕಡಮೆ ಜಾಗದಲ್ಲಿ ಅಡಗುವುದಾದರೂ ಬಿಡಿಸುವ ಶ್ರಮ ಹೆಚ್ಚು. ಆ ಶ್ರಮಕ್ಕೆಂದೇ ಫೋನಿನ ಚಿಪ್ಪಿನಲ್ಲಿ ಡೀಕೋಡರ್ ಎಂಬ ಪ್ರತ್ಯೇಕ ಅಂಗವಿದ್ದು, ಅದು ತಯಾರಾಗುವಾಗ ಕಲಿತ ಸೂತ್ರಗಳನ್ನು ಮಾತ್ರ ಲೀಲಾಜಾಲವಾಗಿ ಬಿಡಿಸುತ್ತದೆ. ಕಲಿಯದ ಸೂತ್ರ ಬಂದರೆ ಕೆಲಸ ಸಾಮಾನ್ಯ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಒಂದು ಚಿತ್ರಕ್ಕೆ ದೊರೆಯುವ ಅವಕಾಶ ಸುಮಾರು 16.7 ಮಿಲಿಸೆಕೆಂಡು, ಅಷ್ಟರಲ್ಲಿ ಮುಗಿಯದಿದ್ದರೆ ಅಕ್ಷತೆ ಆಕಾಶದಲ್ಲಿ ನಿಲ್ಲುತ್ತದೆ. ಇದರಲ್ಲಿಯೂ ಸೂಕ್ಷ್ಮವಿದೆ. ಎಚ್.265 ಬರುವುದೆಂದು ಡಬ್ಬಿಯ ಮೇಲೆ ಅಚ್ಚುಹಾಕಿಸಿಕೊಂಡು ಬಂದ ಫೋನೂ, ಛಾಯಾಗ್ರಾಹಕರ ದೊಡ್ಡ ಕ್ಯಾಮೆರಾ ಹೊರಡಿಸುವ 10 ಬಿಟ್ಟಿನ 4:2:2 ಎಂಬ ಅಧಿಕವರ್ಣದ ಪ್ರಭೇದವನ್ನು ಕಂಡು ಸಾಮಾನ್ಯವಾಗಿ ತಬ್ಬಿಬ್ಬಾಗುತ್ತದೆ.

ರೋಗವು ಮುಖ್ಯವಾಗಿ ಎರಡು ಜಾತಿ. ತೆರೆಯ ನಡುವೆ ಬಳೆಯೊಂದು ಗಿರಗಿರನೆ ಸುತ್ತುತ್ತ, ಚಿತ್ರ-ಧ್ವನಿಗಳೆರಡೂ ಒಟ್ಟಿಗೆ ನಿಂತರೆ ಅದು ಚಕ್ರಭ್ರಮ. ನೆಟ್‌ವರ್ಕಿನ ದೋಷದಿಂದ ಉತ್ಪನ್ನವಾದುದು. ಧ್ವನಿ ನಡೆದು ಚಿತ್ರ ಮಾತ್ರ ಕುಂಟಿದರೆ ಅದು ಖಂಜಗತಿ. ಡೀಕೋಡಿಂಗಿನ ದೌರ್ಬಲ್ಯದಿಂದ ಬಂದುದು. ಎರಡನ್ನೂ ‘ಸ್ಟಕ್ ಆಗ್ತಿದೆ’ ಎಂಬ ಒಂದೇ ಮಾತಿನಿಂದ ಕರೆದು, ಒಂದರ ಔಷಧವನ್ನು ಇನ್ನೊಂದಕ್ಕೆ ಕುಡಿಸುವುದೇ ಪ್ರಸ್ತುತ ಲೋಕದ ಸಕಲ ಅನರ್ಥಗಳಿಗೆ ಮೂಲವೆಂದು ನನ್ನ ಸಿದ್ಧಾಂತ. ಲಕ್ಷಣದಿಂದ ತಿಳಿಯದಿದ್ದರೆ ಔಷಧ ಕೊಟ್ಟು ನೋಡಿ ತಿಳಿಯುವ ಉಪಶಯವೆಂಬ ಮಾರ್ಗವಿದೆ. ಯೂಟ್ಯೂಬಿನಲ್ಲಿ ಗುಣಮಟ್ಟವನ್ನು 480ಕ್ಕೆ ಇಳಿಸುವುದು ಲಂಘನ ಚಿಕಿತ್ಸೆ. ಆದರೆ ಉಪವಾಸದಿಂದ ಎರಡು ರೋಗಗಳೂ ಶಮನವಾಗುವುದರಿಂದ ರೋಗನಿರ್ಣಯದಲ್ಲಿ ಅದು ಅನೈಕಾಂತಿಕವೆಂಬ ಹೇತ್ವಾಭಾಸ. ವಿಡಿಯೋವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು, ಏರ್‌ಪ್ಲೇನ್ ಮೋಡಿಗೆ ಹಾಕಿ ನೋಡತಕ್ಕದ್ದು; ಆಗಲೂ ಕುಂಟಿದರೆ ನೆಟ್‌ವರ್ಕ್ ನಿರ್ದೋಷಿ. ನಾಡೀಪರೀಕ್ಷೆಯಲ್ಲಿ ಆಸಕ್ತಿಯುಳ್ಳವರು ಯೂಟ್ಯೂಬ್ ಸೆಟ್ಟಿಂಗ್ಸಿನಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂಬುದನ್ನು ತೆರೆದರೆ, ಬಿದ್ದುಹೋದ ಚಿತ್ರಗಳ ಸಂಖ್ಯೆಯೂ ಮುಂದಕ್ಕೆ ಕೂಡಿಟ್ಟ ಬಫರಿನ ಪ್ರಮಾಣವೂ ಅಂಗೈಯಲ್ಲೇ ಕಾಣುವುವು.

ಪಿತ್ತಪ್ರಕೋಪವೆಂಬ ಮೂರನೆಯದನ್ನು ಇಲ್ಲಿಯೇ ಹೇಳಿ ಮುಗಿಸುವೆನು. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಕುಂಟತೊಡಗಿದರೆ ಫೋನಿನ ಬೆನ್ನು ಮುಟ್ಟಿ ನೋಡಬೇಕು. ಕಾದ ಚಿಪ್ಪು ತನ್ನನ್ನು ತಾನು ರಕ್ಷಿಸಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಚಾರ್ಜರ್ ಕಳಚಿ, ದಪ್ಪ ಕವರು ಬಿಚ್ಚಿ, ಫ್ಯಾನಿನ ಕೆಳಗಿಡುವುದು ಪಥ್ಯ. ಫ್ರಿಜ್ಜಿನಲ್ಲಿಡುವುದು ನಿಷಿದ್ಧ, ಒಳಗೆ ನೀರು ಪಸೆಯಾಡಿ ಹೊಸ ರೋಗಕ್ಕೆ ಎಡೆಯಾದೀತು.

ಖಂಜಗತಿಗೆ ಚಿಕಿತ್ಸೆ ಹೀಗೆ. ಬ್ಯಾಟರಿ ಸೇವರ್ ಆಫ್ ಮಾಡಿ, ಪ್ಲೇಯರನ್ನು ಬದಲಿಸಿ ನೋಡುವುದು ಪ್ರಥಮೋಪಚಾರ. 1996ರಲ್ಲಿ ಪ್ಯಾರಿಸಿನ ವಿದ್ಯಾರ್ಥಿಗಳು ಆರಂಭಿಸಿದ ಯೋಜನೆಯಿಂದ ಹುಟ್ಟಿ, ರಸ್ತೆ ದುರಸ್ತಿಯ ಕಿತ್ತಳೆ ಶಂಕುವನ್ನೇ ಲಾಂಛನವಾಗಿ ಧರಿಸಿರುವ ವಿಎಲ್‌ಸಿಯಲ್ಲಿ ಹಾರ್ಡ್‌ವೇರ್ ವೇಗವರ್ಧನೆಯನ್ನು ಹಚ್ಚಿಯೂ ಆರಿಸಿಯೂ ಪರೀಕ್ಷಿಸಬಹುದು. ಅದಕ್ಕೂ ಬಗ್ಗದಿದ್ದರೆ ಶೋಧನವೇ ಗತಿ: ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ವಿಡಿಯೋವನ್ನು 1080ರ ಅಳತೆಗೆ, 8 ಬಿಟ್ಟಿನ ಎಚ್.264ಕ್ಕೆ ಇಳಿಸಿಕೊಂಡರೆ, ಬಿಂದುಗಳು ಕಾಲುಭಾಗಕ್ಕಿಳಿದು, ಎಂತಹ ಮುದಿ ಫೋನಾದರೂ ಗಟ್ಟಿಮೇಳಕ್ಕೆ ಸರಿಯಾಗಿ ತಾಳಿ ಕಟ್ಟಿಸುತ್ತದೆ. ಇದನ್ನು ಸ್ಟುಡಿಯೋದವರೇ ಮಾಡಿಕೊಡಬಹುದು. ಆದರೆ ಫೋರ್‌ಕೆಗೆಂದು ಹೆಚ್ಚಿನ ಹಣ ತೆತ್ತ ಮಾವನವರ ಎದುರಿನಲ್ಲಿ ಇದನ್ನು ಕೇಳಬಾರದು.

ಸಿನಿಮಾಗಳಲ್ಲಿ ಕ್ಯಾಮೆರಾ ಅಡ್ಡಡ್ಡ ತಿರುಗುವಾಗ ಕಾಣುವ ಸಣ್ಣ ತೊದಲಂತೂ ರೋಗವೇ ಅಲ್ಲ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದು, ತೆರೆ 60 ಸಲ ಹೊಸದಾಗುವುದು; ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸುವ ಉಪಾಯ ತೆರೆಗೆ ತಿಳಿಯದ ಕಾರಣ, ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಿ ಲೆಕ್ಕ ಸರಿದೂಗಿಸುತ್ತದೆ. 120 ಹರ್ಟ್ಸ್ ತೆರೆಯಲ್ಲಿ ಪ್ರತಿಯೊಂದಕ್ಕೂ ಐದೈದು ಸಲ ಸಮಪಾಲು ದಕ್ಕುವುದರಿಂದ ಈ ತಂಟೆಯಿಲ್ಲ.

ಕೊನೆಯದಾಗಿ ಸಂಕ್ರಮಣ ಪ್ರಕರಣ. ಮುಹೂರ್ತದ ತುಣುಕನ್ನು ವಾಟ್ಸಾಪಿನಲ್ಲಿ ವಿಡಿಯೋವಾಗಿ ಕಳುಹಿಸಿದರೆ, ವಾಟ್ಸಾಪು ಅದನ್ನು ಹಿಂಡಿ ಹಿಪ್ಪೆಮಾಡಿ ಸಾಗಿಸುವುದರಿಂದ ಸ್ವೀಕರಿಸಿದವರ ಫೋನಿನಲ್ಲಿ ಅದು ಕುಂಟದೆ ಓಡುತ್ತದೆ; ಮದುಮಗಳ ಕಣ್ಣು ಮೂಗು ಮಾತ್ರ ಪ್ರತ್ಯೇಕವಾಗಿ ಗೋಚರಿಸವು. ಮೂಲದ ಕಾಂತಿ ಕೆಡಬಾರದೆಂದು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಕಾಂತಿಯೊಡನೆ ರೋಗವೂ ಅಖಂಡವಾಗಿ ತಲಪುತ್ತದೆ. ಬೀಗರಿಗೆ ಯಾವ ರೀತಿಯಲ್ಲಿ ಕಳುಹಿಸತಕ್ಕದ್ದೆಂಬುದು ಅವರವರ ಬಾಂಧವ್ಯಕ್ಕೆ ಬಿಟ್ಟುದು.